ಆ ಜಾಕ್ ಮಾರಬೇಡಿ

ಪ್ರಶ್ನೆ: ಸರ್, ನಮ್ಮ ತಂದೆಯವರು ಇಳಕಲ್ಲಿನಲ್ಲಿ ಸ್ಟುಡಿಯೋ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಮಾಮಿಯಾ ಸಿ330 ಕ್ಯಾಮೆರಾ ಸಿಕ್ಕಿತು. ಜೊತೆಗೆ 80 ಮತ್ತು 180 ಎಂ.ಎಂ. ಜೋಡಿ ಲೆನ್ಸುಗಳು, ತಲೆಯ ಮೇಲೆ ಕೂರಿಸುವ ಗೂಡಿನಂಥ ಫೈಂಡರ್, ಜಾಕಿನ ಹಾಗೆ ಮೇಲೆ ಕೆಳಗೆ ಆಡುವ ಒಂದು ಲೋಹದ ತುಂಡು, 'ಇಂದು' ಎಂದು ಬರೆದಿರುವ ಒಂದು ರೋಲ್. ಲೆನ್ಸ್ ಬಿಚ್ಚಿ ಮತ್ತೆ ಹಾಕಿದಾಗಿನಿಂದ ಕ್ಲಿಕ್ ಆಗುತ್ತಿಲ್ಲ. ರಿಪೇರಿಯವರೊಬ್ಬರು 'ಒಳಗ ಹೋಗೇದ, ಇನ್ನ ಗುಜರಿ ಮಾಲ ಇದು' ಅಂದರು. ಅವ್ವನ ಹತ್ತಿರ ಇರುವ ಹಳೆಯ ಇಳಕಲ್ ಸೀರೆಗಳ ಸೆರಗು, ದಡಿಗಳನ್ನು ಹತ್ತಿರದಿಂದ ಇದೇ ಕ್ಯಾಮೆರಾದಲ್ಲಿ ತೆಗೆಯಬೇಕೆಂಬ ಆಸೆ. ಆ ಜಾಕ್, ಫೈಂಡರ್, 180 ಮೂರನ್ನೂ ಮಾರಿ 55 ಎಂ.ಎಂ. ಲೆನ್ಸ್ ಕೊಳ್ಳಲೇ? ಬಾದಾಮಿ, ಗೋಳಗುಮ್ಮಟಕ್ಕೂ ಆಗುತ್ತದಲ್ಲ. — ಹುನಗುಂದದ ಓದುಗರು

ಉತ್ತರ: ಮಾರುವ ಮಾತು ಆಮೇಲೆ. ಮೊದಲು ಕ್ಯಾಮೆರಾದ ಎಡಮಗ್ಗುಲು ನೋಡಿ. ಅಲ್ಲೊಂದು ತಿರುಗುವ ಗುಬ್ಬಿ ಇದೆ, ಪಕ್ಕದಲ್ಲಿ 'ಲಾಕ್', 'ಅನ್‌ಲಾಕ್' ಎಂದು ಬರೆದಿರುತ್ತದೆ. ಅದು ಅನ್‌ಲಾಕ್ ಕಡೆಗೇ ಉಳಿದಿದೆ ಎಂದು ನನ್ನ ಅಂದಾಜು. ಈ ಕ್ಯಾಮೆರಾದಲ್ಲಿ ರೋಲ್ ಒಳಗಿರುವಾಗಲೂ ಲೆನ್ಸ್ ಬದಲಿಸಬಹುದು. ಗುಬ್ಬಿಯನ್ನು ಅನ್‌ಲಾಕಿಗೆ ತಿರುಗಿಸಿದಾಗ ಒಳಗಡೆ ಒಂದು ತಗಡಿನ ಪರದೆ ಎದ್ದು ಫಿಲ್ಮಿಗೆ ಬೆಳಕು ಬೀಳದಂತೆ ಅಡ್ಡ ನಿಲ್ಲುತ್ತದೆ. ಪರದೆ ಎದ್ದಿರುವಾಗ ಕ್ಲಿಕ್ ಮಾಡಿದರೆ ಫೋಟೋ ಬರುವುದಿಲ್ಲವಲ್ಲ, ಹಾಗಾಗಿ ಗುಂಡಿಯನ್ನೂ ಕಟ್ಟಿಹಾಕುತ್ತದೆ. ಲೆನ್ಸ್ ಕೂರಿಸಿ, ತಂತಿಯ ಕೊಂಡಿ ಸಿಕ್ಕಿಸಿ, ಗುಬ್ಬಿಯನ್ನು ಮತ್ತೆ ಲಾಕಿಗೆ ತಂದಾಗಲೇ ಗುಂಡಿ ಬಿಡುಗಡೆಯಾಗುವುದು.

ನಾನೂ ಇದನ್ನು ಪಾಠ ಕಲಿತೇ ತಿಳಿದುಕೊಂಡವನು. ತಾಳಿಕೋಟೆಯಲ್ಲಿ ಒಂದು ಮದುವೆ. 180 ತೆಗೆದು 80 ಹಾಕಿದೆ, ಅಷ್ಟರಲ್ಲಿ ಭಟ್ಟರು 'ಸಾವಧಾನ' ಅಂದರು, ಅಕ್ಕಿಕಾಳು ಬೀಳಲು ಶುರುವಾಯಿತು. ಗುಂಡಿ ಒತ್ತಿದರೆ ಮಿಸುಕುತ್ತಿಲ್ಲ. ಹುಡುಗಿಯ ಸೋದರಮಾವ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ. ಅಂದಿನಿಂದ ಲೆನ್ಸ್ ಹಾಕಿದ ಕೈ ತಾನಾಗಿ ಗುಬ್ಬಿಗೆ ಹೋಗುತ್ತದೆ.

ಗುಬ್ಬಿ ಸರಿ ಇದ್ದೂ ಕ್ಲಿಕ್ ಆಗದಿದ್ದರೆ ದೋಷ ಲೆನ್ಸಿನದೋ ಬಾಡಿಯದೋ ಎಂದು ಬೇರೆ ಮಾಡಿ ನೋಡಬೇಕು. ಮಾಮಿಯಾದಲ್ಲಿ ಅದು ಸುಲಭ, ಏಕೆಂದರೆ ಬೆಳಕನ್ನು ಗಳಿಗೆಯ ಮಟ್ಟಿಗೆ ಒಳಬಿಡುವ ಶಟರ್ ಇರುವುದು ಬಾಡಿಯಲ್ಲಲ್ಲ, ಜೋಡಿಯಲ್ಲಿ ಫೋಟೋ ತೆಗೆಯುವ ಕೆಳಗಿನ ಲೆನ್ಸಿನೊಳಗೆ. ಲೆನ್ಸಿನ ಅಂಚಿನಲ್ಲಿ ಎರಡು ಪುಟ್ಟ ಸನ್ನೆಗೋಲುಗಳು ಹೊರಗೇ ಕಾಣುತ್ತವೆ. ಒಂದು ಶಟರನ್ನು ಎಳೆದು ಸಜ್ಜು ಮಾಡುತ್ತದೆ, ಇನ್ನೊಂದು ಬಿಡುತ್ತದೆ. ಎರಡನ್ನೂ ಬೆರಳಿನಿಂದಲೇ ಆಡಿಸಿ. ಟಪ್ ಎಂದು ಎಲೆಗಳು ತೆರೆದು ಮುಚ್ಚಿದರೆ ಶಟರ್ ಬದುಕಿದೆ. ಆಮೇಲೆ ಬಲಗಡೆಯ ಸಿಂಗಲ್–ಮಲ್ಟಿ ಗುಬ್ಬಿಯನ್ನು ಮಲ್ಟಿಗೆ ಇಟ್ಟು ಬಾಡಿಯ ಗುಂಡಿ ಒತ್ತಿ ನೋಡಿ. ರೋಲ್ ಇಲ್ಲದ ಕ್ಯಾಮೆರಾ ಪರೀಕ್ಷಿಸಲು ಅದೇ ದಾರಿ. ಇಷ್ಟೆಲ್ಲ ಆದ ಮೇಲೂ ಸುಮ್ಮನಿದ್ದರೆ ಮಾತ್ರ ರಿಪೇರಿಯ ಮಾತು. ಬಿಚ್ಚಿ ನೋಡದೆ ಗುಜರಿ ಅಂದವರ ಮಾತನ್ನು ಅಲ್ಲಿಗೇ ಬಿಡಿ.

ಶಟರ್ ನಡೆಯಿತು ಎಂದುಕೊಂಡರೂ ಯಾವ ವೇಗದಲ್ಲಿ ನಡೆಯಿತು ಎಂಬುದು ಬೇರೆ ಪ್ರಶ್ನೆ. ಕೊಳ್ಳುವವರೆಲ್ಲ 1/500 ಸರಿ ಇದೆಯೇ ಎಂದು ನೋಡುತ್ತಾರೆ. ನಿಮ್ಮ ಸೀರೆಯ ಕೆಲಸಕ್ಕೆ ಬೇಕಾದದ್ದು 1 ಸೆಕೆಂಡು, ಯಾಕೆಂದು ಮುಂದೆ ಹೇಳುತ್ತೇನೆ. 1ಕ್ಕೆ ಇಟ್ಟು ಬಿಡಿ. 'ಝೀ' ಎಂಬ ಸದ್ದು ಒಂದೇ ಸಮನೆ ನಡೆದು ನಿಲ್ಲಬೇಕು. ನಡುವೆ ತಡವರಿಸಿದರೆ, ಅಥವಾ ಎಲೆಗಳು ಅರ್ಧಕ್ಕೇ ನಿಂತರೆ, ಒಳಗಿನ ಎಣ್ಣೆ ಗಟ್ಟಿಯಾಗಿದೆ. ಮೊಬೈಲಿನಲ್ಲಿ ಆ ಸದ್ದನ್ನು ರೆಕಾರ್ಡ್ ಮಾಡಿ ಅಲೆಯ ಗೆರೆಯಲ್ಲಿ ಅಳೆದರೆ ಸೆಕೆಂಡು ಎಷ್ಟು ಉದ್ದವಿದೆ ಎಂದೂ ತಿಳಿಯುತ್ತದೆ. ವರ್ಷಗಟ್ಟಲೆ ಮಲಗಿದ್ದ ಶಟರ್ ದಿನಕ್ಕೆ ಇಪ್ಪತ್ತು ಸಲದಂತೆ ಒಂದು ವಾರ ಆಡಿಸಿದರೆ ಕೆಲವೊಮ್ಮೆ ತಾನೇ ದಾರಿಗೆ ಬರುತ್ತದೆ. ಹೊರಗಿನಿಂದ ಎಣ್ಣೆ ಮಾತ್ರ ಬಿಡಬೇಡಿ, ಹೊಲಿಗೆ ಯಂತ್ರದ ಎಣ್ಣೆಯಂತೂ ಬೇಡವೇ ಬೇಡ. ಎಲೆಗಳಿಗೆ ತಾಗಿದರೆ ಅಂಟಿಕೊಂಡು ಕೂರುತ್ತವೆ.

ಈಗ ನೀವು ಜಾಕ್ ಎಂದ ವಸ್ತು. ಅದರ ಹೆಸರು ಪ್ಯಾರಮೆಂಡರ್. ಟ್ರಂಕಿನಲ್ಲಿದ್ದ ಮಾಲಿನಲ್ಲಿ ನಿಮ್ಮ ಆಸೆಗೆ ನೇರವಾಗಿ ಹೊಂದುವುದು ಅದೊಂದೇ. ಅದನ್ನೇ ಮೊದಲು ಮಾರಲು ಹೊರಟಿದ್ದೀರಿ!

ಜೋಡಿ ಲೆನ್ಸಿನ ಕ್ಯಾಮೆರಾದಲ್ಲಿ ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ. 1929ರಲ್ಲಿ ಬಂದ ಜರ್ಮನಿಯ ರೋಲಿಫ್ಲೆಕ್ಸ್‌ನಿಂದ ಹಿಡಿದು ನಮ್ಮ ಕಡೆ ಮದುವೆ ಫೋಟೋದವರ ಕೊರಳಲ್ಲಿ ತೂಗುತ್ತಿದ್ದ ಯಾಶಿಕಾ ಮ್ಯಾಟ್‌ವರೆಗೆ ಎಲ್ಲದರ ಕಟ್ಟು ಅದೇ. ಅವುಗಳ ಲೆನ್ಸ್ ಬಾಡಿಗೆ ಬೆಸೆದುಕೊಂಡೇ ಇರುತ್ತದೆ. ಒಂದು ಮೀಟರಿನ ಹತ್ತಿರ ಬಂದು ನಿಂತುಬಿಡುತ್ತವೆ, ಇನ್ನೂ ಮುಂದೆ ಹೋಗಬೇಕಾದರೆ ಕ್ಲೋಸ್‌ಅಪ್ ಕನ್ನಡಕ ಹಾಕಬೇಕು. ಜಪಾನಿನ ಮಾಮಿಯಾದವರು 1950ರ ದಶಕದಲ್ಲಿ ಆ ಕಟ್ಟನ್ನು ಒಡೆದು ಎರಡೂ ಕಣ್ಣುಗಳನ್ನು ಒಂದು ಹಲಗೆಗೆ ಕೂರಿಸಿ, ಹಲಗೆಯನ್ನು ಬಿಚ್ಚಿ ಹಾಕುವಂತೆ ಮಾಡಿದರು. 55, 65, 80, 105, 135, 180, 250 ಹೀಗೆ ಜೋಡಿಗಳ ಸಾಲೇ ಬಂತು. ನಿಮ್ಮ ಸಿ330 ಶುರುವಾದದ್ದು 1969ರಲ್ಲಿ. 1983ರಲ್ಲಿ ಬಂದ ಸಿ330ಎಸ್ ಆ ಸಾಲಿನ ಕೊನೆಯದು.

ಲೆನ್ಸ್ ಬದಲಿಸುವ ಸೌಲಭ್ಯವನ್ನೇ ಎಲ್ಲರೂ ಹೊಗಳುತ್ತಾರೆ. ನನ್ನ ಮಟ್ಟಿಗೆ ಈ ಕ್ಯಾಮೆರಾದ ಬೆಲೆ ಇರುವುದು ಹಾರ್ಮೋನಿಯಂ ಪೆಟ್ಟಿಗೆಯ ಮಡಿಕೆಯಂತಿರುವ ಆ ಕಪ್ಪು ಬೆಲ್ಲೋಸಿನಲ್ಲಿ. ಅದು ಹಿಗ್ಗುವುದರಿಂದ 80ರ ಜೋಡಿ ಫಿಲ್ಮಿನಿಂದ ಸುಮಾರು 35 ಸೆಂ.ಮೀ. ದೂರದ ವಸ್ತುವನ್ನೂ ಹಿಡಿಯುತ್ತದೆ, ಕನ್ನಡಕ ಗಿನ್ನಡಕ ಏನೂ ಬೇಕಿಲ್ಲ. ಹಾಗೆ ಹತ್ತಿರ ಹೋದಾಗಲೇ ಎರಡು ಕಣ್ಣಿನ ಜಗಳ ಶುರುವಾಗುವುದು. ಕಣ್ಣುಗಳ ನಡುವಿನ ಅಂತರ 50 ಎಂ.ಎಂ. ಹತ್ತು ಅಡಿ ದೂರದ ಮದುಮಕ್ಕಳಿಗೆ ಐದು ಸೆಂಟಿಮೀಟರ್ ಲೆಕ್ಕಕ್ಕಿಲ್ಲ. ಆದರೆ ನೀವು ಸೆರಗಿನ 14 ಸೆಂ.ಮೀ. ಚೌಕವನ್ನು ತುಂಬಿಸಿ ತೆಗೆದರೆ, ಗಾಜಿನ ಮೇಲೆ ಕಂಡದ್ದಕ್ಕಿಂತ ಐದು ಸೆಂ.ಮೀ. ಕೆಳಗಿನದು ಫಿಲ್ಮಿಗೆ ಬೀಳುತ್ತದೆ. ಮೂರನೇ ಒಂದು ಪಾಲಿಗಿಂತ ಹೆಚ್ಚು ತಪ್ಪಿಹೋಯಿತು ಅಂದಂತಾಯಿತು.

ಸಿ330ರ ಗಾಜಿನ ಮೇಲೆ ಒಂದು ಮುಳ್ಳು ಇದೆ. ಬೆಲ್ಲೋಸ್ ಹಿಗ್ಗಿದಂತೆ ಅದು ಇಳಿದು 'ಫೋಟೋದ ಮೇಲಂಚು ಇಲ್ಲಿಗೆ' ಎಂದು ತೋರಿಸುತ್ತದೆ. ಒಳ್ಳೆಯದೇ, ಆದರೆ ಅದು ಹೇಳುವುದು ಏನು ಕತ್ತರಿಸಿಹೋಗುತ್ತದೆ ಎಂಬುದನ್ನು ಮಾತ್ರ. ಕೆಳಗಡೆ ಹೊಸದಾಗಿ ಏನು ಸೇರಿಕೊಳ್ಳುತ್ತದೆ ಎಂಬುದು ನಿಮಗೆ ಕಾಣುವುದೇ ಇಲ್ಲ. ಪ್ಯಾರಮೆಂಡರ್ ಮಾಡುವ ಕೆಲಸ ನೋಡಿ. ಸ್ಟ್ಯಾಂಡಿಗೂ ಕ್ಯಾಮೆರಾಕ್ಕೂ ನಡುವೆ ಅದನ್ನು ಕೂರಿಸಿ, ತಗ್ಗಿನಲ್ಲಿಟ್ಟು ಮೇಲಿನ ಕಣ್ಣಿನಿಂದ ಚೌಕಟ್ಟು, ಫೋಕಸ್ ಎಲ್ಲ ಸರಿಮಾಡಿಕೊಂಡು, ಕ್ಲಿಕ್ ಮಾಡುವ ಮುಂಚೆ ಎತ್ತಬೇಕು. ಸರಿಯಾಗಿ 50 ಎಂ.ಎಂ. ಏರುತ್ತದೆ. ನೋಡುವ ಕಣ್ಣು ಇದ್ದ ಜಾಗಕ್ಕೇ ತೆಗೆಯುವ ಕಣ್ಣು ಬಂದು ನಿಲ್ಲುತ್ತದೆ. ಇಷ್ಟೇ ಅದರ ಕೆಲಸ. ನಿಮ್ಮ ತಂದೆಯವರು ಇಳಕಲ್ಲಿನಲ್ಲಿ ಕೂತು ಅದನ್ನು ಕೊಂಡಿದ್ದಾರೆ ಎಂದರೆ ಬರೀ ಪಾಸ್‌ಪೋರ್ಟ್ ಫೋಟೋಕ್ಕಂತೂ ಕೊಂಡಿರಲಿಕ್ಕಿಲ್ಲ.

ಸೆರಗಿನ ಮಾತಿಗೆ ಬರೋಣ. ಇಳಕಲ್ ಸೀರೆಯಲ್ಲಿ ಹತ್ತಿರದಿಂದ ತೆಗೆಯತಕ್ಕದ್ದು ಯಾವುದು ಎಂದು ನನ್ನನ್ನು ಕೇಳಿದರೆ ಕೊಂಡಿ ಅನ್ನುತ್ತೇನೆ. ಒಡಲಿನ ಹಾಸೇ (ಉದ್ದದ ಎಳೆಗಳು) ಬೇರೆ, ಸೆರಗಿನ ರೇಷ್ಮೆಯ ಹಾಸೇ ಬೇರೆ. ಒಂದೊಂದು ಎಳೆಯನ್ನೂ ಕುಣಿಕೆ ಹಾಕಿ ಕೂಡಿಸಿರುತ್ತಾರೆ, ತೋಪು ತೆನಿ ಸೆರಗಿನ ಗುಟ್ಟು ಅದು. ಚಿಕ್ಕಿಪರಾಸ, ಗೋಮಿ ದಡಿಗಳನ್ನು ಮೊಬೈಲಿನಲ್ಲೂ ತೆಗೆಯಬಹುದು. ಆ ಕೂಡಿದ ಗೆರೆ, ಅಲ್ಲಿ ಎರಡು ಬಣ್ಣ ಒಂದರೊಳಗೊಂದು ಇಳಿಯುವುದು, ಈ ದೊಡ್ಡ ಫಿಲ್ಮಿನಲ್ಲಿ ನೋಡುವಂಥದ್ದು. ಆರು ಸೆಂಟಿಮೀಟರ್ ಚೌಕ ಎಂದು ಹೆಸರು, ನಿಜವಾಗಿ 56 ಎಂ.ಎಂ. ಚದರ. 35 ಎಂ.ಎಂ. ಫಿಲ್ಮಿನ ಒಂದು ಚಿತ್ರಕ್ಕೆ ಹೋಲಿಸಿದರೆ ಮೂರೂವರೆ ಪಟ್ಟು ಜಾಗ.

ಸೀರೆಯನ್ನು ನೆಲಕ್ಕೆ ಹಾಸಿ ಕ್ಯಾಮೆರಾ ಬೋರಲು ಹಾಕಬೇಡಿ. ಲೆನ್ಸ್ ಸೇರಿ ಒಂದೂವರೆ ಕಿಲೋ ಮೀರುವ ಪೆಟ್ಟಿಗೆ, ಸ್ಟ್ಯಾಂಡ್ ಸಮೇತ ಸೆರಗಿನ ಮೇಲೆ ಬಿದ್ದರೆ ಎರಡೂ ಹೋದವು. ಗೋಡೆಗೆ ಒಂದು ದಪ್ಪ ರಟ್ಟು ನಿಲ್ಲಿಸಿ ಸೆರಗನ್ನು ಬಿಗಿಯಾಗಿ ಇಳಿಬಿಡಿ, ಮಡಿಕೆಯ ಗೆರೆ ಇರಬಾರದು. ಬಿಗಿ ಯಾಕೆಂದರೆ, ಅಷ್ಟು ಹತ್ತಿರದಲ್ಲಿ ಎಫ್2.8ಕ್ಕೆ, ಅಂದರೆ ಲೆನ್ಸಿನ ಕಿಂಡಿ ದೊಡ್ಡದಾಗಿ ತೆರೆದಾಗ, ಸ್ಪಷ್ಟವಾಗಿ ನಿಲ್ಲುವ ಆಳ ಎರಡು ಎಂ.ಎಂ. ಚಿಲ್ಲರೆ ಅಷ್ಟೆ. ಎಫ್16ಕ್ಕೆ ಮುಚ್ಚಿದರೆ ಒಂದು ಸೆಂಟಿಮೀಟರಿಗೆ ತುಸು ಮೇಲೆ ಸಿಗುತ್ತದೆ, ಬಟ್ಟೆಯ ಸಣ್ಣ ಅಲೆ ಅದರಲ್ಲಿ ಮುಚ್ಚಿಹೋಗುತ್ತದೆ. ಬೆಳಕು ಒಂದೇ ಕಿಟಕಿಯಿಂದ, ಪಕ್ಕದಿಂದ ಬರಲಿ. ಎದುರಿನಿಂದ ಬಂದರೆ ನೇಯ್ಗೆಯ ಉಬ್ಬು ತಗ್ಗು ಕಾಣದೆ ಬಟ್ಟೆ ಅಚ್ಚು ಹೊಡೆದ ಹಾಗಾಗುತ್ತದೆ.

ಬೆಲ್ಲೋಸ್ ಹಿಗ್ಗಿದಷ್ಟೂ ಬೆಳಕು ದೂರ ನಡೆದು ದುರ್ಬಲವಾಗುತ್ತದೆ, ಅದನ್ನು ತುಂಬಿಕೊಡಬೇಕು. ಮೊಬೈಲಿನ ಬೆಳಕಿನ ಮೀಟರಿಗೆ ಇದು ಗೊತ್ತಾಗುವುದಿಲ್ಲ. ಸೂತ್ರ ಇದೆ, ಆದರೆ ನಾನು ಹುಡುಗರಿಗೆ ಹೇಳಿಕೊಡುತ್ತಿದ್ದದ್ದು ಪಟ್ಟಿಯ ಉಪಾಯ. ಸೀರೆಯ ಮೇಲೆ ಶಾಲೆಯ ಅಡಿಪಟ್ಟಿ ಹಿಡಿದು ಗಾಜಿನಲ್ಲಿ ನೋಡಿ. ಚೌಕದ ಅಗಲಕ್ಕೆ 28 ಸೆಂ.ಮೀ. ಕಂಡರೆ ಅರ್ಧ ಸ್ಟಾಪ್ ಹೆಚ್ಚು ಕೊಡಿ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ). 14 ಕಂಡರೆ ಒಂದು, 8 ಕಂಡರೆ ಒಂದೂವರೆ. ಲೆನ್ಸ್ ಯಾವುದೇ ಇರಲಿ, ಲೆಕ್ಕ ಇದೇ.

ಇನ್ನು ಬಣ್ಣ. ಕಪ್ಪು-ಬಿಳಿ ರೋಲಿನಿಂದ ಶುರು ಮಾಡಿ, ಮನೆಯಲ್ಲೇ ತೊಳೆದುಕೊಳ್ಳಬಹುದು. ತೋಪು ತೆನಿ ಸೆರಗಿನಲ್ಲಿ ಕೆಂಪು ನೆಲದ ಮೇಲೆ ಬಿಳಿಯ ತೋಪುಗಳು ತಾನೇ? ನಮ್ಮಲ್ಲಿ ಆಕಾಶ ಕಪ್ಪಾಗಲೆಂದು ಕೆಂಪು ಫಿಲ್ಟರ್ ಹಾಕುವ ಚಟ ಹಲವರಿಗಿದೆ. ಇಲ್ಲಿ ಹಾಕಿದಿರೋ, ಸೆರಗಿನ ಕೆಂಪು ಬೆಳ್ಳಗಾಗಿ ತೋಪುಗಳೆಲ್ಲ ಅದರಲ್ಲಿ ಕರಗಿಹೋಗುತ್ತವೆ. ಹಳದಿ-ಹಸಿರು ಫಿಲ್ಟರ್ ಹಾಕಿ. ಕೆಂಪು ಗಾಢವಾಗುತ್ತದೆ, ಬಿಳಿ ಎದ್ದು ನಿಲ್ಲುತ್ತದೆ. 80ರ ಜೋಡಿಗೆ 46 ಎಂ.ಎಂ. ತಿರುಪಿನ ಫಿಲ್ಟರ್, ಕೆಳಗಿನ ಕಣ್ಣಿಗೊಂದೇ ಸಾಕು. ಅದು ನುಂಗುವುದು ಸುಮಾರು ಒಂದು ಸ್ಟಾಪ್.

ಕೂಡಿಸಿ ನೋಡಿ. 400ರ ವೇಗದ ಫಿಲ್ಮ್, ಕಿಟಕಿಯ ಬೆಳಕು, ಎಫ್16ಕ್ಕೆ ಮೀಟರ್ 1/4 ಸೆಕೆಂಡ್ ಅಂದಿತು ಎನ್ನೋಣ. 14 ಸೆಂ.ಮೀ. ಚೌಕಕ್ಕೆ ಒಂದು ಸ್ಟಾಪ್ ಕೊಟ್ಟರೆ 1/2. ಫಿಲ್ಟರಿಗೆ ಇನ್ನೊಂದು ಕೊಟ್ಟರೆ 1 ಸೆಕೆಂಡ್. ಆ ಒಂದು ಸೆಕೆಂಡಿನ 'ಝೀ' ಸರಿ ಇದೆಯೇ ಎಂದು ಆಗ ಕೇಳಿದ್ದು ಇದಕ್ಕೇ. ಸರಿ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ, 'ಬಿ'ಗೆ (ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವ ಗುರುತು) ಇಟ್ಟು ಬಾಯಲ್ಲಿ ಎಣಿಸಿ. ಕ್ಯಾಮೆರಾ ಅಲುಗದಂತೆ ಗುಂಡಿ ಒತ್ತುವ ತಂತಿ, ಕೇಬಲ್ ರಿಲೀಸ್, ಬೇಕು, ಫ್ಯಾನ್ ಆರಿಸಬೇಕು. ಬೇಸಿಗೆಯಲ್ಲಿ ಹುನಗುಂದದಲ್ಲಿ ಫ್ಯಾನ್ ಆರಿಸಿ ಎನ್ನುವುದು ಕಷ್ಟದ ಮಾತು, ಬೆಳಿಗ್ಗೆಯೇ ಮುಗಿಸಿಕೊಳ್ಳಿ.

ಇದಕ್ಕೆಲ್ಲ ಮುಂಚೆ ಬೆಲ್ಲೋಸಿನಲ್ಲಿ ತೂತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ರಾತ್ರಿ ದೀಪ ಆರಿಸಿ, ಹಿಂಬಾಗಿಲು ತೆರೆದು, ಬೆಲ್ಲೋಸ್ ಪೂರ್ತಿ ಹಿಗ್ಗಿಸಿ, ಪುಟ್ಟ ಟಾರ್ಚನ್ನು ಒಳಗಿಳಿಸಿ. ಮಡಿಕೆಯ ಮೂಲೆಗಳಲ್ಲಿ ಚುಕ್ಕಿ ಮಿಣುಕಿದರೆ ಅಲ್ಲಿ ಗುರುತು ಹಾಕಿ. ಒಂದೆರಡು ಚುಕ್ಕಿಯಾದರೆ ಬಟ್ಟೆಗೆ ಹಚ್ಚುವ ಕಪ್ಪು ಬಣ್ಣವನ್ನು ತೆಳ್ಳಗೆ ಸವರಿ, ಪೂರ್ತಿ ಒಣಗಿದ ಮೇಲೆ ಮಡಚಿ. ಟೇಪ್ ಹಚ್ಚಿದರೆ ಮಡಿಕೆ ಕೂರುವುದಿಲ್ಲ. ಹಿಂಬಾಗಿಲಿನ ಅಂಚಿನ ಸ್ಪಂಜು ಬೆರಳಿಗೆ ಕಪ್ಪಗೆ ಅಂಟಿದರೆ ಅದನ್ನೂ ಬದಲಿಸಬೇಕು.

ಲೆನ್ಸಿನ ಬೂಸ್ಟು ನೋಡುವಾಗ ಒಂದು ಮಾತು. ಬೆಳಗಾವಿಯ ಮಳೆಯಲ್ಲಿ ಕಪಾಟಿನಲ್ಲಿದ್ದ ಲೆನ್ಸುಗಳು ನನ್ನ ಮೇಜಿಗೆ ಬಂದಾಗ ಒಳಗೆ ಜೇಡರ ಬಲೆಯಂತೆ ಫಂಗಸ್ ಹಬ್ಬಿರುತ್ತಿತ್ತು. ನಮ್ಮ ವಿಜಯಪುರದ ಕಡೆಯವಕ್ಕೆ ಧೂಳಿನದೇ ಕಾಟ. ನಿಮ್ಮದರಲ್ಲಿ ಫಂಗಸ್ ಕಂಡರೂ ಅದು ಮೇಲಿನ ಕಣ್ಣಿನಲ್ಲಿದ್ದರೆ ಚಿಂತೆ ಬೇಡ, ಫೋಟೋ ತೆಗೆಯುವುದು ಕೆಳಗಿನದು. ಎರಡೂ ಕಣ್ಣು ಒಂದೇ ಕಡೆ ಫೋಕಸ್ ಆಗುತ್ತವೆಯೇ ಎಂಬುದು ಹೆಚ್ಚಿನ ಚಿಂತೆ. ಯಾರೋ ಎಂದೋ ಬಿಚ್ಚಿ ಗಾಜು ಅದಲುಬದಲು ಮಾಡಿದ್ದರೆ ಹೊಂದುವುದಿಲ್ಲ. ಫಿಲ್ಮ್ ಕೂರುವ ಹಳಿಗಳ ಮೇಲೆ ಟ್ರೇಸಿಂಗ್ ಕಾಗದ ಬಿಗಿದು, ಶಟರನ್ನು 'ಬಿ'ಯಲ್ಲಿ ತೆರೆದಿಟ್ಟು, ದೂರದ ಲೈಟಿನ ಕಂಬ ನೋಡಿ. ಮೇಲಿನ ಗಾಜಿನಲ್ಲಿ ಚೂಪಾಗಿ ಕಂಡಾಗ ಕಾಗದದ ಮೇಲೂ ಚೂಪಾಗಿರಬೇಕು.

180ನ್ನೂ ಇಟ್ಟುಕೊಳ್ಳಿ. ಅವ್ವನಿಗೆ ಅದೇ ಸೀರೆ ಉಡಿಸಿ ಕಿಟಕಿಯ ಪಕ್ಕ ಕೂರಿಸಿ, ಎರಡು ಮೀಟರ್ ದೂರದಿಂದ ತಲೆ-ಭುಜ ತುಂಬಿಸಿ ತೆಗೆದು ನೋಡಿ, ಆಮೇಲೆ ಮಾರುವ ಮಾತಾಡಿ. ಅಲ್ಲಿಯೂ ತಲೆಯ ಮೇಲೆ ಜಾಗ ಬಿಟ್ಟಿರಬೇಕು, ಇಲ್ಲವಾದರೆ ಜಾಕ್ ಹಾಕಬೇಕು. ಸೆರಗು ಹೊದ್ದ ತಲೆ ಕತ್ತರಿಸಿಹೋದ ಅಜ್ಜಿಯರ ಫೋಟೋ ನಮ್ಮ ಸ್ಟುಡಿಯೋಗಳಲ್ಲಿ ಬೇಕಾದಷ್ಟು ಬಂದು ಹೋಗಿವೆ. ಹಳೆಯ ಜೋಡಿಗಳಲ್ಲಿ ಎಂ–ಎಕ್ಸ್ ಎಂಬ ಪುಟ್ಟ ಕಡ್ಡಿ ಇರುತ್ತದೆ. ಎಂ ಅಂದರೆ ಒಮ್ಮೆ ಉರಿದು ಹೋಗುತ್ತಿದ್ದ ಬಲ್ಬುಗಳ ಕಾಲದ್ದು. ಈಗಿನ ಫ್ಲ್ಯಾಷಿಗೆ ಎಕ್ಸ್‌ನಲ್ಲೇ ಇಡಿ.

ಗೂಡಿನಂಥ ಫೈಂಡರ್ ಪೊರೋಫೈಂಡರ್ ಇರಬೇಕು. ಕಣ್ಣಿಗೆ ಹಚ್ಚಿ ನೋಡಿದರೆ ಎಡಬಲ ಅದಲುಬದಲಾಗದೆ ಕಾಣುತ್ತದೆ, ಆದರೆ ಒಳಗೆ ಕನ್ನಡಿಗಳೇ ಆದ್ದರಿಂದ ಮಬ್ಬು. ಸ್ಟ್ಯಾಂಡಿನ ಮೇಲಿನ ಕೆಲಸಕ್ಕೆ ಕ್ಯಾಮೆರಾದ ಸ್ವಂತ ಮುಚ್ಚಳ ಎತ್ತಿ, ಭೂತಗನ್ನಡಿ ಇಳಿಸಿ ನೋಡುವುದೇ ಮೇಲು. ಏನಾದರೂ ಮಾರಲೇಬೇಕೆಂದರೆ ಇದನ್ನು ಮಾರಿ.

55 ಬೇಕೇ? ಗೋಳಗುಮ್ಮಟದ ಲೆಕ್ಕ ಹಾಕಿ ನೋಡೋಣ, ನನ್ನ ಮನೆಯ ಮುಂದಿನದು. ಎತ್ತರ ಸುಮಾರು 51 ಮೀಟರ್. ಕ್ಯಾಮೆರಾ ಮೇಲೆತ್ತಿದರೆ ಮೀನಾರುಗಳು ಒಳಕ್ಕೆ ವಾಲುತ್ತವೆ. ವಾಲಬಾರದೆಂದರೆ ಕ್ಯಾಮೆರಾ ನೆಟ್ಟಗಿಟ್ಟು, ಗುಮ್ಮಟವನ್ನು ಚೌಕದ ಮೇಲಿನ ಅರ್ಧದಲ್ಲಿ ತುಂಬಿಸಿ, ಕೆಳಗಿನ ನೆಲವನ್ನು ಪ್ರಿಂಟ್ ಮಾಡುವಾಗ ಕತ್ತರಿಸಬೇಕು. ಚೌಕ ಫಿಲ್ಮಿನ ದೊಡ್ಡ ಅನುಕೂಲವೇ ಇದು. ಅದಕ್ಕೆ 80 ಆದರೆ ಸುಮಾರು 143 ಮೀಟರ್, 55 ಆದರೆ 98 ಮೀಟರ್ ದೂರ ನಿಲ್ಲಬೇಕು. ನೇರ ಎದುರಿಗೆ ನಿಂತರೆ ನಗಾರಖಾನೆ ಅಡ್ಡ ಬರುತ್ತದೆ, ಹೇಗಿದ್ದರೂ ಮಗ್ಗುಲಿಗೆ ಸರಿಯಬೇಕು. ಆ 45 ಮೀಟರ್ ನಡೆಯಲು ಕಾಲಿದ್ದರೆ ಲೆನ್ಸಿನ ದುಡ್ಡು ಉಳಿಯಿತು. ಬಾದಾಮಿಯ ಗುಹೆಗಳಲ್ಲಿ ಹಿಂದೆ ಸರಿಯಲು ಜಾಗವಿಲ್ಲ, ಅಲ್ಲಿ 55 ನಿಜಕ್ಕೂ ಬೇಕಾಗುತ್ತದೆ. ಆದರೆ ಗುಹೆಯ ಮಬ್ಬಿಗೆ ಸ್ಟ್ಯಾಂಡೂ ಬೇಕು, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಊರಲು ಮೊದಲೇ ಅನುಮತಿ ಪಡೆಯಬೇಕು. ಸೀರೆಗಳ ಕೆಲಸ ಮುಗಿಯಲಿ, ಆಗಲೂ ಆಸೆ ಉಳಿದಿದ್ದರೆ ಕೊಳ್ಳುವಿರಂತೆ.

ರೋಲ್ ತೊಳೆಯುವಾಗ ನಮ್ಮ ಸೀಮೆಯ ವೈರಿ ಎಂದರೆ ನೀರಿನ ಬಿಸಿ. ಪುಸ್ತಕದಲ್ಲಿ 20 ಡಿಗ್ರಿ ಎಂದಿರುತ್ತದೆ, ಏಪ್ರಿಲ್‌ನಲ್ಲಿ ತೊಟ್ಟಿಯ ನೀರು ಮೂವತ್ತು ದಾಟಿರುತ್ತದೆ. ರಾತ್ರಿಯಿಡೀ ಮಣ್ಣಿನ ಗಡಿಗೆಯಲ್ಲಿಟ್ಟ ನೀರು ಬಳಸಿ. ಅದೂ 24ಕ್ಕೆ ಇಳಿಯದಿದ್ದರೆ ಬೋಗುಣಿಯಲ್ಲಿ ಐಸ್ ಹಾಕಿ ಚಿತ್ರ ಮೂಡಿಸುವ ದ್ರವದ, ಅಂದರೆ ಡೆವಲಪರ್, ಬಾಟಲಿಯನ್ನು ಅದರಲ್ಲಿ ನಿಲ್ಲಿಸಿ. ಬಿಸಿಗೆ ತಕ್ಕಂತೆ ಸಮಯ ಕಡಿಮೆ ಮಾಡಬಹುದು, ಆದರೆ ಐದು ನಿಮಿಷದ ಕೆಳಗೆ ಹೋದರೆ ಚಿತ್ರ ಪಟ್ಟೆ ಪಟ್ಟೆಯಾಗುತ್ತದೆ. ಅದಕ್ಕೇ ಡೆವಲಪರಿಗೆ ಅಷ್ಟೇ ನೀರು ಬೆರೆಸಿ ನಿಧಾನ ಮಾಡಿಕೊಳ್ಳಿ.

'ಇಂದು' ರೋಲ್ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನದು, ಆ ಕಾರ್ಖಾನೆ ಈಗ ಮುಚ್ಚಿದೆ. ಪೊಟ್ಟಣ ಒಡೆಯದೆ ಇದ್ದರೆ ಅದರಲ್ಲಿ ಸೆರಗು ತೆಗೆಯುವ ಸಾಹಸ ಬೇಡ, ಹಗಲಿನಲ್ಲೇ ಬಿಚ್ಚಿ ರೋಲ್ ಹಾಕುವ ಅಭ್ಯಾಸಕ್ಕೆ ಬಳಸಿ. ಹಿಂಭಾಗದ ಒತ್ತು ತಗಡನ್ನು ತಿರುಗಿಸಿ 120 ಎಂಬ ಅಂಕಿ ಕಾಣುವಂತೆ ಇಡಿ, 220 ಅಲ್ಲ. ಕಾಗದದ ಬಾಣವನ್ನು ಬಾಡಿಯ ಗುರುತಿಗೆ ಹೊಂದಿಸಿ, ಬಾಗಿಲು ಮುಚ್ಚಿ, ತಾನಾಗಿ ನಿಲ್ಲುವವರೆಗೆ ಹಿಡಿಕೆ ತಿರುಗಿಸಿ. ಹನ್ನೆರಡು ಫೋಟೋ. ಆದರೆ ಪೊಟ್ಟಣ ಇಲ್ಲದೆ, ಬರೀ ರೋಲ್ ಅಂಟುಪಟ್ಟಿ ಸುತ್ತಿಕೊಂಡಿದ್ದರೆ, ಪಟ್ಟಿಯ ಮೇಲೆ 'ಎಕ್ಸ್‌ಪೋಸ್ಡ್' ಎಂದಿದೆಯೇ ನೋಡಿ. ಇದ್ದರೆ ಅದು ನಿಮ್ಮ ತಂದೆಯವರು ತೆಗೆದು ತೊಳೆಯದೆ ಬಿಟ್ಟ ರೋಲ್. ಬಿಚ್ಚಬೇಡಿ. ಮೊದಲು ಹೊಸ ರೋಲ್ ಒಂದೆರಡು ತೊಳೆದು ಕೈ ಪಳಗಲಿ, ಆಮೇಲೆ ಅದನ್ನು ತೊಳೆಯಿರಿ. ಕಪ್ಪು-ಬಿಳಿಯದಾದರೆ ಮಬ್ಬಿನ ನಡುವೆಯೂ ಏನಾದರೂ ಉಳಿದಿರುವ ಸಂಭವ ಇದೆ.

ಅಂದಹಾಗೆ, ಕ್ಯಾಮೆರಾದೊಳಗೆ ಒಂದು ಖಾಲಿ ರೀಲು ಇರಬಹುದು, ಕಸವೆಂದು ಎಸೆಯಬೇಡಿ. ಅದಿಲ್ಲದೆ ಮೊದಲ ರೋಲ್ ಸುತ್ತಿಕೊಳ್ಳಲು ಜಾಗವೇ ಇರುವುದಿಲ್ಲ.